ಸುಮ್ಮನೆ ಹೊರಟವಳು

ಹೊಳೆನರಸೀಪುರದ ಸೇತುವೆಯ ಮೇಲೆ ಒಬ್ಬ ಗಂಡಸು ಸೈಕಲ್ ನಿಲ್ಲಿಸಿ, ಕಟಕಟೆಗೆ ಮೊಣಕೈ ಊರಿ ಹೇಮಾವತಿಯನ್ನು ನೋಡುತ್ತಿದ್ದರೆ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಅದೇ ಜಾಗದಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಸೈಕಲ್ ಹಿಡಿದು ನಿಂತರೆ ಐದು ನಿಮಿಷದಲ್ಲಿ ಇಬ್ಬರಾದರೂ ಬರುತ್ತಾರೆ. "ಯಾಕಮ್ಮಾ, ಚೈನ್ ಬಿತ್ತಾ?" "ಎಲ್ಲಿಗೆ ಹೊರಟ್ರಿ?" ಒಂದು ಸಂಜೆ ನಾನು "ಎಲ್ಲಿಗೂ ಇಲ್ಲ, ಸುಮ್ಮನೆ" ಎಂದುಬಿಟ್ಟೆ. ಕೇಳಿದವರು ನನ್ನ ಮುಖ ನೋಡಿದರು, ಕೆಳಗಿನ ನೀರು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಹೋಗಲಿಲ್ಲ. ಅಲ್ಲೇ ಒಂದು ಬೀಡಿ ಹಚ್ಚಿ ನಿಂತರು. ಯಾಕೆ ನಿಂತರೆಂದು ನನಗೆ ಹೊಳೆದದ್ದು ಮನೆಗೆ ಬಂದು ಕಾಫಿಗೆ ನೀರಿಟ್ಟಾಗ. ಒಂಟಿ ಹೆಂಗಸು ಕೆಲಸವಿಲ್ಲದೆ ಹೊಳೆ ನೋಡುತ್ತಿದ್ದರೆ ನಮ್ಮ ಕಡೆಯ ಜನಕ್ಕೆ ತೋಚುವ ಅರ್ಥ ಒಂದೇ. ಅವರ ಮೇಲೆ ಸಿಟ್ಟು ಬರಲಿಲ್ಲ, ಒಳ್ಳೆಯ ಮನುಷ್ಯ, ಕಾಯುತ್ತ ನಿಂತಿದ್ದರು. ಆದರೆ ಅಂದಿನಿಂದ ಹೆಂಗಸು, ಸೈಕಲ್ಲು, ನೀರು ಈ ಮೂರರಲ್ಲಿ ಎರಡಾದರೂ ಬರುವ ಪುಸ್ತಕವನ್ನೋ ಸಿನಿಮಾವನ್ನೋ ನೋಡುವಾಗ ನಾನು ಅದರಲ್ಲಿ ಒಂದು ಮಾತನ್ನು ಹುಡುಕುತ್ತೇನೆ. "ಸುಮ್ಮನೆ" ಎಂಬ ಮಾತು ಅಲ್ಲಿ ಹೆಂಗಸಿನ ಬಾಯಲ್ಲಿ ಬರುತ್ತದೆಯೇ?

ನಮ್ಮ ಹೊಳೆಯನ್ನು ಕನ್ನಡಿಗರಿಗೆಲ್ಲ ಪರಿಚಯ ಮಾಡಿಕೊಟ್ಟವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಅವರ 'ಹಳ್ಳಿಯ ಚಿತ್ರಗಳು', 'ಹೇಮಾವತಿ' ಓದಿ ಬೆಳೆದವಳು ನಾನು. 'ನಮ್ಮ ಊರಿನ ರಸಿಕರು' ಎಂಬ ಹೆಸರನ್ನೇ ನೋಡಿ. ಊರಿನಲ್ಲಿ ರಸಿಕರಿದ್ದರು, ಅವರಿಗೆ ಹೊತ್ತಿತ್ತು, ಹರಟೆಯಿತ್ತು, ಪಕ್ಕದಲ್ಲೇ ಹೊಳೆಯಿತ್ತು. 'ನಮ್ಮ ಊರಿನ ರಸಿಕೆಯರು' ಎಂದು ಯಾರೂ ಬರೆಯಲಿಲ್ಲ. ಹಾಗೆ ಬರೆದಿದ್ದರೆ ಆ ಮಾತಿಗೆ ಬೇರೆಯೇ ಅರ್ಥ ಹುಟ್ಟಿ ಗಲಾಟೆಯಾಗುತ್ತಿತ್ತು. ಒಂದೇ ಪದ, ಗಂಡಸಿಗೆ ಹೊಗಳಿಕೆ, ಹೆಂಗಸಿಗೆ ಬೈಗುಳ. ಗೊರೂರರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರು ಕಂಡದ್ದನ್ನು ಪ್ರೀತಿಯಿಂದ ಬರೆದರು. ಹೆಂಗಸರು ಹೊಳೆಗೆ ಹೋಗುತ್ತಿದ್ದದ್ದು ಕೊಡ ಹಿಡಿದು, ಬಟ್ಟೆ ಗಂಟು ಹೊತ್ತು. ಬರಿಗೈಯಲ್ಲಿ ಹೋದವಳು ಕಣ್ಣಿಗೆ ಬಿದ್ದಿದ್ದರೆ ಅವರೂ ಬರೆಯುತ್ತಿದ್ದರೋ ಏನೋ.

ಆ ಹೊಳೆಯೂ ಈಗ ಹಾಗಿಲ್ಲ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಹೇಮಾವತಿಯ ಬಹುಪಾಲು ನಾಲೆಗಳಲ್ಲೇ ಹರಿಯುತ್ತಾಳೆ. ಎಡದಂಡೆಯ ನೀರು ಚನ್ನರಾಯಪಟ್ಟಣದ ಕಡೆ ಹೋಗಿ, ಬಾಗೂರು-ನವಿಲೆಯ ಸುರಂಗ ತೂರಿ ತುಮಕೂರಿನ ಸೀಮೆಗೆ ಇಳಿಯುತ್ತದೆ. ಬಲದಂಡೆಯದು ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳ ಗದ್ದೆಗಳಿಗೆ. ದೊಡ್ಡ ನಾಲೆಗಳ ಏರಿಯ ಮೇಲೆ ಇಂಜಿನಿಯರರ ಜೀಪು ಓಡಾಡಲೆಂದು ಮಾಡಿದ ದಾರಿಯಿದೆ, ಕೆಲವು ಕಡೆ ಗಟ್ಟಿ, ಕೆಲವು ಕಡೆ ಬರೀ ಮಣ್ಣು. ಹಾಯಾಗಿ ಸೈಕಲ್ ತುಳಿಯುವುದಕ್ಕೆ ನಮ್ಮ ಸೀಮೆಯಲ್ಲಿರುವ ನೀರದಂಡೆಯ ದಾರಿ ಎಂದರೆ ಇದೇ. ಯಾರ ವಿಹಾರಕ್ಕೂ ಮಾಡಿದ್ದಲ್ಲ. ಆದರೂ ಮಂಡಿನೋವಿನ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗಲಾರದು, ಏಕೆಂದರೆ ನಾಲೆ ಎಂದೂ ದಿಣ್ಣೆ ಹತ್ತುವುದಿಲ್ಲ. ನೀರು ಹರಿಯುವುದಕ್ಕೆ ಬೇಕಾದಷ್ಟು ಮಾತ್ರ ಇಳಿಜಾರು ಇಟ್ಟುಕೊಂಡು, ಗುಡ್ಡ ಬಂದರೆ ಬಳಸಿಕೊಂಡು ಹೋಗುತ್ತದೆ. ಪಕ್ಕದ ದಾರಿಯೂ ಹಾಗೆಯೇ. ಒಂದು ಕಡೆ ಭತ್ತ, ಒಂದು ಕಡೆ ನೀರು, ನಡುವೆ ನೀವು. ಒಂದೇ ಎಚ್ಚರ ಬೇಕು: ಸಿಮೆಂಟು ಬಳಿದ ನಾಲೆಯ ಗೋಡೆ ಪಾಚಿ ಕಟ್ಟಿ ಜಾರುತ್ತದೆ, ಬಿದ್ದವರಿಗೆ ಹತ್ತಿ ಬರುವುದು ಕಷ್ಟ. ನೀರು ಬಿಟ್ಟ ತಿಂಗಳುಗಳಲ್ಲಿ ನಾನು ಗದ್ದೆಯ ಮಗ್ಗುಲಲ್ಲೇ ತುಳಿಯುತ್ತೇನೆ.

ಹೆಣ್ಣುಮಕ್ಕಳ ಕೈಗೆ ಸೈಕಲ್ಲು ಬರಲಿಲ್ಲವೆಂದಲ್ಲ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಕೋವಿಡ್ ಕಾಲದಲ್ಲಿ ಅದು ನಿಂತುಹೋಗುವ ತನಕ, ಜೂನ್ ಬಂತೆಂದರೆ ಊರೂರಿನ ರಸ್ತೆಯಲ್ಲಿ ಜಡೆ ಹಾರಿಸಿಕೊಂಡು ಸಾಲುಸಾಲು ಹುಡುಗಿಯರು. ನೋಡುವುದೇ ಒಂದು ಹಬ್ಬ. ಆದರೆ ಆ ಸೈಕಲ್ಲು ಹೋಗುತ್ತಿದ್ದದ್ದು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ಭಾನುವಾರ ಅದನ್ನು ಅಣ್ಣನೋ ತಮ್ಮನೋ ಹತ್ತುತ್ತಿದ್ದ. ಹತ್ತನೆಯ ತರಗತಿ ಮುಗಿದ ಮೇಲೆ ಅದೇ ಸೈಕಲ್ಲಿನ ಮೇಲೆ ಅಪ್ಪ ಹಾಲಿನ ಕ್ಯಾನು ಹೇರಿಕೊಂಡು ಡೇರಿಗೆ ಹೋಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

ಸೈಕಲ್ಲು ಮತ್ತು ಹೆಂಗಸಿನ ಬಗ್ಗೆ ನಮ್ಮ ದೇಶದಲ್ಲಿ ಬಂದ ಬರಹಗಳಲ್ಲಿ ನನಗೆ ತುಂಬ ಹಿಡಿಸಿದ್ದು ಪಿ. ಸಾಯಿನಾಥರದು. 1996ರಲ್ಲಿ ಬಂದ ಅವರ ಪುಸ್ತಕವನ್ನು ಜಿ. ಎನ್. ಮೋಹನ್ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂದು ಕನ್ನಡಕ್ಕೆ ತಂದಿದ್ದಾರೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ತೊಂಬತ್ತರ ದಶಕದ ಮೊದಲಿಗೆ ಸಾಕ್ಷರತೆಯ ಚಳವಳಿಯ ಜೊತೆಗೇ ಸೈಕಲ್ಲಿನ ಚಳವಳಿಯೂ ನಡೆದ ಕಥೆ ಅದು. ಕಲೆಕ್ಟರಾಗಿದ್ದ ಶೀಲಾರಾಣಿ ಚುಂಕತ್ ಇದಕ್ಕೆ ಬೆನ್ನೆಲುಬಾಗಿ ನಿಂತರು. ಸುಮಾರು ಒಂದು ಲಕ್ಷ ಹಳ್ಳಿಯ ಹೆಂಗಸರು ಸೈಕಲ್ ಕಲಿತರು. 1992ರ ಮಹಿಳಾ ದಿನದಂದು ಸಾವಿರದೈನೂರು ಜನ ಬಾವುಟ ಕಟ್ಟಿಕೊಂಡು ಪೇಟೆಯಲ್ಲಿ ಮೆರವಣಿಗೆ ಹೊರಟರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಎಷ್ಟೋ ಹೆಂಗಸರು ಗಂಡಸರ ಸೈಕಲ್ಲನ್ನೇ ಕೊಂಡರು. ಕೆಲವರು ಬೇಕೆಂದೇ ಅದನ್ನು ಆರಿಸಿಕೊಂಡರು, ಅದರ ನಡುವಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ! ಇಂಥ ವಿವರವನ್ನು ಹಿಡಿಯುವ ಕಣ್ಣು ಎಲ್ಲ ವರದಿಗಾರರಿಗೂ ಇರುವುದಿಲ್ಲ.

ಆದರೂ ಆ ಬರಹವನ್ನು ಮತ್ತೆ ಓದಿದಾಗ ನನಗೆ ಒಂದು ಕಸಿವಿಸಿ. ಅಲ್ಲಿಯ ಪ್ರತಿ ಹೆಂಗಸೂ ಎಲ್ಲಿಗೋ ಹೊರಟಿದ್ದಾಳೆ. ಸಂತೆಗೆ, ಕಲ್ಲುಗಣಿಗೆ, ನೀರು ತರಲು, ಮಗುವನ್ನು ಬಿಡಲು. ಇದರಿಂದ ಸಂಪಾದನೆ ಹೆಚ್ಚಿತು, ಹೊತ್ತು ಉಳಿಯಿತು ಎಂಬ ಲೆಕ್ಕ ಸಿಗುತ್ತದೆ. ಅಷ್ಟೇ ಲೆಕ್ಕ ಸಾಲದು, ಆತ್ಮಗೌರವ ಅದಕ್ಕಿಂತ ದೊಡ್ಡದೆಂದು ಸಾಯಿನಾಥರೇ ಹೇಳುತ್ತಾರೆ, ನಿಜ. ಆದರೆ ಆತ್ಮಗೌರವವೂ ಒಂದು ಲಾಭವೇ ತಾನೇ? ಹೆಂಗಸಿಗೆ ಸೈಕಲ್ ಬೇಕು ಎನ್ನುವುದಕ್ಕೆ ಯಾವಾಗಲೂ ಒಂದು ಕಾರಣ ಕೊಡಬೇಕು. ಇದು ನಮ್ಮ ದೇಶದ ರೋಗ ಮಾತ್ರವೂ ಅಲ್ಲ. ಅಮೆರಿಕದ ಫ್ರಾನ್ಸಿಸ್ ವಿಲರ್ಡ್ ಎಂಬಾಕೆ ಐವತ್ತಮೂರನೆಯ ವಯಸ್ಸಿನಲ್ಲಿ ಸೈಕಲ್ ಕಲಿತು, 1895ರಲ್ಲಿ ಅದರ ಮೇಲೆ ಒಂದು ಚಿಕ್ಕ ಪುಸ್ತಕವನ್ನೇ ಬರೆದಳು. ಸೈಕಲ್ಲಿಗೆ ಗ್ಲ್ಯಾಡಿಸ್ ಎಂದು ಹೆಸರಿಟ್ಟಿದ್ದಳು. ಮದ್ಯಪಾನ ವಿರೋಧಿ ಚಳವಳಿಯ ನಾಯಕಿಯಲ್ಲವೇ, ಪ್ರತಿಯೊಂದು ಬೀಳುವಿಕೆಯಿಂದಲೂ ಒಂದು ನೀತಿಪಾಠ ತೆಗೆಯುತ್ತಾಳೆ. ಹೆಸರಿಡುವಷ್ಟು ಮುದ್ದು ಇದ್ದಮೇಲೆ ಪಾಠ ಯಾಕೆ ತಾಯಿ, ಎಂದು ಕೇಳಬೇಕೆನಿಸುತ್ತದೆ.

ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಇರಾನಿನ ಒಂದು ಸಿನಿಮಾ, ಮರ್ಜಿಯೆ ಮೆಷ್ಕಿನಿ 2000ದಲ್ಲಿ ಮಾಡಿದ್ದು. ಹೆಸರು 'ನಾನು ಹೆಣ್ಣಾದ ದಿನ' ಎಂಬ ಅರ್ಥದ್ದು. ಮೂರು ಕಥೆಗಳಲ್ಲಿ ನಡುವಿನದು ಆಹೂ ಎಂಬ ಹೆಂಗಸಿನದು. ಕಿಶ್ ದ್ವೀಪದ ಕಡಲ ದಂಡೆಯಲ್ಲಿ ಚೊಕ್ಕವಾದ ರಸ್ತೆ. ಕಪ್ಪು ಚಾದರ ಹೊದ್ದ ಹತ್ತಾರು ಹೆಂಗಸರು ಸೈಕಲ್ ತುಳಿಯುತ್ತಿದ್ದಾರೆ. ಹಿಂದಿನಿಂದ ಕುದುರೆಯ ಮೇಲೆ ಅವಳ ಗಂಡ ಬರುತ್ತಾನೆ. ಇಳಿ, ಎನ್ನುತ್ತಾನೆ. ಅವಳು ತುಳಿಯುತ್ತಾಳೆ. ಅವನು ಹೋಗಿ ಮುಲ್ಲಾನನ್ನು ಕರೆತರುತ್ತಾನೆ, ಅವನೂ ಕುದುರೆಯ ಮೇಲೆ. ವಿಚ್ಛೇದನವಾಗುತ್ತದೆ, ಅವಳು ತುಳಿಯುತ್ತಲೇ ಇದ್ದಾಳೆ. ಆಮೇಲೆ ತಂದೆ, ಊರ ಹಿರಿಯರು, ಕೊನೆಗೆ ಅಣ್ಣತಮ್ಮಂದಿರು. ಗಮನಿಸಿ, ಇವರಲ್ಲಿ ಯಾರಿಗೂ ಅವಳು ಎಲ್ಲಿಗೆ ಹೊರಟಳೆಂಬ ಚಿಂತೆಯಿಲ್ಲ. ಇಳಿಯಬೇಕು ಅಷ್ಟೆ. ಸಿನಿಮಾದ ತುಂಬ ಗಾಲಿಯ ಸದ್ದು ಮತ್ತು ಗೊರಸಿನ ಸದ್ದು. ಅವಳು ಹೆಚ್ಚು ಮಾತಾಡುವುದಿಲ್ಲ, ಮಾತಾಡಲು ಉಸಿರೂ ಇಲ್ಲ. ಕೊನೆಗೆ ಅಣ್ಣತಮ್ಮಂದಿರು ಅಡ್ಡ ನಿಂತಾಗ ಕ್ಯಾಮೆರಾ ಅವಳಿಂದ ದೂರ ಸರಿಯುತ್ತದೆ, ಅವಳು ಚಿಕ್ಕದಾಗುತ್ತಾಳೆ. ಆ ಜಾಗದಲ್ಲಿ ನನ್ನ ಎದೆ ಹಿಂಡಿದಂತಾಯಿತು. ಮುಂದಿನ ಕಥೆಯಲ್ಲಿ ಇಬ್ಬರು ಹುಡುಗಿಯರು ಅವಳ ಮಾತೆತ್ತುತ್ತಾರೆ. ಅವಳಿಗೆ ಕೊನೆಗೆ ಏನಾಯಿತೆಂಬುದರಲ್ಲಿ ಇಬ್ಬರ ಮಾತೂ ಕೂಡುವುದಿಲ್ಲ. ಅಷ್ಟಕ್ಕೇ ಬಿಟ್ಟಿದ್ದಾರೆ.

ಇಷ್ಟು ಮೆಚ್ಚಿದ ಸಿನಿಮಾದಲ್ಲೂ ನನ್ನ ತಕರಾರು ಒಂದಿದೆ. ಅದು ಪಂದ್ಯ. ಹೆಂಗಸರು ಸ್ಪರ್ಧೆಗಾಗಿ ತುಳಿಯುತ್ತಿದ್ದಾರೆ. ಮೆಷ್ಕಿನಿಯಂಥ ದಿಟ್ಟೆಗೂ ತನ್ನ ನಾಯಕಿಯ ಕೈಯಲ್ಲಿ ಒಂದು ಕಾರಣ ಇಡದೆ ಅವಳನ್ನು ಆ ರಸ್ತೆಗೆ ಕಳಿಸಲಾಗಲಿಲ್ಲ. ಪಂದ್ಯವಿಲ್ಲದಿದ್ದರೆ ಓಟದ ಬಿಗಿ ಬರುತ್ತಿರಲಿಲ್ಲ ಎನ್ನಬಹುದು, ಒಪ್ಪುತ್ತೇನೆ. ಕುದುರೆಗಳು ಅಟ್ಟಿಸಿಕೊಂಡು ಬಂದದ್ದು ಒಬ್ಬ ಸ್ಪರ್ಧಿಯನ್ನು. ನಿಧಾನವಾಗಿ, ಕಡಲು ನೋಡುತ್ತ, ನಡುನಡುವೆ ನಿಂತು ಹೋಗುವವಳನ್ನು ಅಟ್ಟಿಸಿಕೊಂಡು ಬರುವುದಕ್ಕೆ ಕುದುರೆ ಬೇಕಿರಲಿಲ್ಲ. ನಮ್ಮ ಸೇತುವೆಯ ಮೇಲಿನಂತೆ ಒಂದು ಪ್ರಶ್ನೆ ಸಾಕಾಗಿತ್ತು.

ಇಲ್ಲಿ ನಮ್ಮ ಊರುಗಳಲ್ಲಿ ಹೆಂಗಸರು ಈ ಪ್ರಶ್ನೆಗೆ ನಾನಾ ಉತ್ತರ ಕಟ್ಟಿಕೊಂಡಿದ್ದಾರೆ. ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ಸುತ್ತು ಹಾಕುವವರನ್ನು ಯಾರೂ ತಡೆಯುವುದಿಲ್ಲ, ಡಾಕ್ಟರು ಹೇಳಿದ್ದಾರೆ. ಸಕ್ಕರೆ ಕಾಯಿಲೆ ನಮ್ಮ ತಲೆಮಾರಿನ ಹೆಂಗಸರಿಗೆ ಕೊಟ್ಟಷ್ಟು ಸ್ವಾತಂತ್ರ್ಯವನ್ನು ಯಾವ ಚಳವಳಿಯೂ ಕೊಡಲಿಲ್ಲವೇನೋ! ಅರಕಲಗೂಡಿನ ಕಡೆಯವರಿಗೆ ರಾಮನಾಥಪುರವಿದೆ. ಅಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕುತ್ತ ಎಷ್ಟು ಹೊತ್ತು ಕಳೆದರೂ ಪುಣ್ಯವೇ, ದೇವಸ್ಥಾನ ಪಕ್ಕದಲ್ಲಿದೆ. 2023ರ ಜೂನ್‌ನಲ್ಲಿ ಬಸ್ಸು ಪುಕ್ಕಟೆಯಾದ ಮೇಲೆ ಕೇಳಿಬಂದ ದೂರು ನೆನಪಿದೆಯಲ್ಲ? "ಹೆಂಗಸರು ಸುಮ್‌ಸುಮ್ನೆ ತಿರುಗ್ತಾರೆ." ಆ ಮಾತು ಎಷ್ಟು ಸಿಟ್ಟಿನಲ್ಲಿ ಬರುತ್ತಿತ್ತೆಂದರೆ, ಟಿಕೆಟ್ಟಿನ ದುಡ್ಡಿಗಿಂತ ಆ "ಸುಮ್ಮನೆ"ಯೇ ಅವರಿಗೆ ಹೆಚ್ಚು ನಷ್ಟವಾಗಿ ಕಂಡಿರಬೇಕು.

ಹೊಳೆದಂಡೆಗೆ ಒಳ್ಳೆಯ ದಾರಿ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಯೂರೋಪಿನ ಡ್ಯಾನ್ಯೂಬ್ ನದಿಯ ಪಕ್ಕ, ಜರ್ಮನಿಯ ಪಾಸೌನಿಂದ ವಿಯೆನ್ನಾದವರೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಸೈಕಲ್ಲಿನಲ್ಲೇ ಹೋಗಬಹುದಂತೆ, ಅಜ್ಜಿಯರೂ ಹೋಗುತ್ತಾರಂತೆ. ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಂಡೆಗೆ ಕಾಂಕ್ರೀಟು ಹಾಕಿ 2012ರಲ್ಲಿ ವಿಹಾರಪಥ ತೆರೆದರು. ಅದಕ್ಕಾಗಿ ದಂಡೆಯ ಸಾವಿರಾರು ಬಡ ಕುಟುಂಬಗಳು ಜಾಗ ಖಾಲಿಮಾಡಬೇಕಾಯಿತು. ಅಂಥದ್ದು ನಮಗೆ ಬೇಡ. ನಾಲೆ ಏರಿಯ ಗುಂಡಿ ಮುಚ್ಚಿ, ನೀರಿನ ಮಗ್ಗುಲಿಗೆ ಒಂದು ತಡೆ ಕಟ್ಟಿದರೆ ನನಗೆ ಸಾಕು. ಬಟ್ಟೆ ಒಗೆಯುವವರ ಮೆಟ್ಟಿಲು ಇದ್ದ ಹಾಗೇ ಇರಲಿ. ಅವರ ಜೊತೆ ಎರಡು ಮಾತಾಡಲೆಂದೇ ನಾನು ಅಲ್ಲಿ ಬ್ರೇಕ್ ಹಿಡಿಯುವುದು.

ಇಷ್ಟೆಲ್ಲ ಬರೆದ ಮೇಲೆ ಒಂದು ನಿಜ ಹೇಳಬೇಕು. ಸೇತುವೆಯ ಆ ಸಂಜೆಯ ನಂತರ ನಾನು ಹ್ಯಾಂಡಲ್ಲಿಗೆ ಒಂದು ಬಟ್ಟೆಯ ಚೀಲ ನೇತುಹಾಕಿಕೊಂಡೇ ಹೋಗುತ್ತೇನೆ. ಚೀಲ ಕಂಡರೆ ಜನ ಕೇಳುವುದಿಲ್ಲ. ಖಾಲಿ ಚೀಲ ಗಾಳಿಗೆ ಪಟಪಟ ಬಡಿದು ಗುಟ್ಟು ಬಿಟ್ಟುಕೊಡುತ್ತದೆಂದು ಏರಿಯ ಕೆಳಗಿನ ತೋಟದಲ್ಲಿ ಒಂದು ಕಟ್ಟು ದಂಟಿನ ಸೊಪ್ಪು ಕೊಂಡು ಹಾಕಿಕೊಳ್ಳುತ್ತೇನೆ. ಮೊನ್ನೆ ಕತ್ತಲಾಗುವ ಹೊತ್ತಿಗೆ ಬೆವರು ಒರೆಸಿಕೊಂಡು ಒಳಗೆ ಬಂದೆ. ಮನೆಯವರು ಪೇಪರಿನಿಂದ ತಲೆಯೆತ್ತಿ ಚೀಲ ನೋಡಿದರು.

"ಸೊಪ್ಪಿಗೆ ಅಷ್ಟು ದೂರ ಹೋಗಿದ್ಯಾ?"