ತೊಣ್ಣೂರಿನ ಶಾಸನ ಯಾವ ಫೋಲ್ಡರಿನಲ್ಲಿ?

ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಶಾಸನಮಾಲೆಯ ಮೂರನೆಯ ಸಂಪುಟದಲ್ಲಿ ತೊಣ್ಣೂರಿನ ಶಾಸನಗಳಿರುವುದು ಮೈಸೂರು ಜಿಲ್ಲೆ, ಶ್ರೀರಂಗಪಟ್ಟಣ ತಾಲ್ಲೂಕಿನ ಕೆಳಗೆ. 1939ರಲ್ಲಿ ಮಂಡ್ಯ ಜಿಲ್ಲೆ ಹುಟ್ಟಿತು. ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಊರು ಪಾಂಡವಪುರವಾಯಿತು, ತೊಣ್ಣೂರು ಆ ತಾಲ್ಲೂಕಿಗೆ ಸೇರಿತು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಒಟ್ಟಿಗಿವೆ. ನಾಗಮಂಗಲಕ್ಕೆ ಏಳನೆಯದನ್ನು ತೆಗೆಯಬೇಕು. ತೊಣ್ಣೂರಿನ ಕೆರೆ, ಗುಡಿಗಳು ಮಾತ್ರ ಇದ್ದಲ್ಲೇ ಇವೆ.

ಈ ನಾಲ್ಕು ತಾಲ್ಲೂಕುಗಳ ಶಾಸನಪಾಠಗಳನ್ನು ಕಂಪ್ಯೂಟರಿಗೆ ಏರಿಸಿ, ಪದಕೋಶ ತೆಗೆಯುವ ಪ್ರೋಗ್ರಾಂ ಬರೆಯುವವರು ಮೊದಲು ಎಡವುವುದು ಇಲ್ಲೇ. ‘ಡಿ:/ಶಾಸನ/ಮೈಸೂರು/ಶ್ರೀರಂಗಪಟ್ಟಣ/ತೊಣ್ಣೂರು’ ಎಂಬ ಪಾತ್ ಅನ್ನು, ಅಂದರೆ ಫೋಲ್ಡರಿನ ವಿಳಾಸವನ್ನು, ಒಮ್ಮೆ ಟೈಪಿಸಿದರೆ ಕೆಲಸ ನಡೆಯುತ್ತದೆ. ಅದೇ ಸಾಲು ಓದುವ ಫಂಕ್ಷನ್ನಿಗೆ, ಎಣಿಸುವ ಫಂಕ್ಷನ್ನಿಗೆ, ಬ್ಯಾಕಪ್ಪಿಗೆ ನಕಲಾಗುತ್ತಾ ಹೋಗುತ್ತದೆ. ಹಾರ್ಡ್‌ಕೋಡ್ ಎನ್ನುವುದು ಇದನ್ನೇ. ಫೋಲ್ಡರನ್ನು ಪಾಂಡವಪುರದ ಕೆಳಗೆ ಸರಿಸಿದ ದಿನ ಇವೆಲ್ಲವನ್ನೂ ಹುಡುಕಿ ತಿದ್ದಬೇಕು. ಒಂದು ಉಳಿದರೂ ಬ್ಯಾಕಪ್ ಹಳೆಯ ಜಾಗವನ್ನೇ ಹುಡುಕುತ್ತಿರುತ್ತದೆ.

ಕನ್ನಡದ ಪಾತ್‌ಗಳಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿದೆ. ‘ಕೆ.ಆರ್.ಪೇಟೆ’, ‘ಕೃಷ್ಣರಾಜಪೇಟೆ’ ಬೇರೆ ಬೇರೆಯೆಂದು ಕಣ್ಣಿಗೇ ತಿಳಿಯುತ್ತದೆ. ಆದರೆ ‘ಆರ್’ ಎಂಬಲ್ಲಿ ಅರ್ಧಾಕ್ಷರದ ನಂತರ ಕೆಲವು ಕೀಬೋರ್ಡ್‌ಗಳು ಕಾಣದ ಒಂದು ಯೂನಿಕೋಡ್ ಚಿಹ್ನೆಯನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಫೈಲು. ಇಂಥ ಹೆಸರನ್ನು ಎರಡನೆಯ ಸಲ ಕೈಯಿಂದ ಟೈಪಿಸಲೇಬಾರದು.

ಅದಕ್ಕೇ ಹೆಸರಿಟ್ಟ ಕಾನ್ಸ್ಟಂಟ್. ಪ್ರೋಗ್ರಾಮಿನ ತಲೆಯಲ್ಲಿ ‘ಶಾಸನ_ಮೂಲ’ ಎಂದು ಒಮ್ಮೆ ಘೋಷಿಸಿ, ಮಿಕ್ಕೆಲ್ಲ ಕಡೆ ಆ ಹೆಸರನ್ನೇ ಬಳಸುವುದು. ಪೈಥಾನ್ 3 ಕನ್ನಡ ಹೆಸರುಗಳನ್ನು ಒಪ್ಪುತ್ತದೆ. ಉದ್ಧರಣ ಚಿಹ್ನೆಯೊಳಗಿನ ಪಾತ್‌ನಲ್ಲಿ ಅಕ್ಷರ ತಪ್ಪಿದರೆ ಫೈಲು ತೆರೆಯುವ ಗಳಿಗೆಯವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಕಾನ್ಸ್ಟಂಟಿನ ಹೆಸರು ತಪ್ಪಿದರೆ ಜಾವಾ, ಸಿ ಭಾಷೆಗಳಲ್ಲಿ ಕಂಪೈಲರೇ ತಡೆಯುತ್ತದೆ.

ಹೆಸರಿಡುವುದರಲ್ಲೂ ರುಚಿ ಬೇಕು. ‘ಡಿ_ಡ್ರೈವ್_ಮೈಸೂರು’ ಎಂದು ಹೆಸರಿಟ್ಟರೆ ಪಾತ್ ಅನ್ನೇ ಎರಡು ಸಲ ಬರೆದಂತಾಯಿತು. ಡಿಸ್ಕ್ ಬದಲಾದರೆ ಹೆಸರು ಸುಳ್ಳು ಹೇಳುತ್ತದೆ. ಆ ಜಾಗದಲ್ಲಿ ಏನಿದೆ ಎಂಬುದನ್ನು ಹೆಸರು ಹೇಳಬೇಕು, ಅದು ಎಲ್ಲಿದೆ ಎಂಬುದನ್ನಲ್ಲ. ಪ್ರತಿ ಕಂಪ್ಯೂಟರಿಗೂ ಬೇರೆಯಾಗುವ ಮೂಲವನ್ನಂತೂ ಕೋಡಿನಿಂದ ಹೊರಗೆ, ಸೆಟ್ಟಿಂಗ್ಸ್ ಫೈಲಿನಲ್ಲಿ ಇಡುವುದು ಮೇಲು. ಇಡೀ ಪ್ರೋಗ್ರಾಮಿನಲ್ಲಿ ಒಂದೇ ಕಡೆ ಬರುವ, ಓದಿದೊಡನೆ ಅರ್ಥವಾಗುವ ಫೈಲ್ ಹೆಸರಿಗೆ ಕಾನ್ಸ್ಟಂಟಿನ ಹಂಗು ಬೇಕಿಲ್ಲ.

ತಾಲ್ಲೂಕು, ಜಿಲ್ಲೆಗಳ ವಿಷಯದಲ್ಲಿ ಕಾನ್ಸ್ಟಂಟ್ ಕೂಡ ಸಾಲದು. ಅವು ಪಾತ್‌ನಲ್ಲಿ ಇರಲೇಬಾರದು. ಫೋಲ್ಡರಿಗೆ ‘ತೊಣ್ಣೂರು’ ಎಂಬಷ್ಟೇ ಹೆಸರು ಸಾಕು. ತಾಲ್ಲೂಕು, ಜಿಲ್ಲೆ, ರೈಸ್ ಕೊಟ್ಟ ಸಂಖ್ಯೆ, ಪರಿಷ್ಕೃತ ಆವೃತ್ತಿಯ ಸಂಖ್ಯೆ ಇವೆಲ್ಲ ಪಕ್ಕದ ಕೋಷ್ಟಕದಲ್ಲಿ ಒಂದೊಂದು ಕಾಲಮ್ಮಿಗೆ ಹೋಗಲಿ. ಹಳೆಯ ಸಂಶೋಧನ ಲೇಖನಗಳ ಅಡಿಟಿಪ್ಪಣಿಗಳಲ್ಲಿರುವುದು ರೈಸ್ ಸಂಖ್ಯೆಯೇ ಆದ್ದರಿಂದ, ಆ ಕಾಲಮ್ಮನ್ನು ಬಿಡುವಂತಿಲ್ಲ.