ತಪಸ್ವಿಯ ಪಟಕ್ಕೆ ಹಾರ

ಚಿತ್ರಕಾರ ಕೆ. ವೆಂಕಟಪ್ಪನವರ (1886–1965) ಬಗ್ಗೆ ಬರೆಯಲು ಕುಳಿತವರು ಮೊದಲ ಪ್ಯಾರಾದಲ್ಲೇ ಕೈಮುಗಿದುಬಿಡುತ್ತಾರೆ. ಮದುವೆಯಾಗಲಿಲ್ಲ, ಶೇಷಣ್ಣನವರಲ್ಲಿ ವೀಣೆ ಕಲಿತರು, ಋಷಿಯಂತೆ ಬದುಕಿದರು. ಸರಿ. ಬ್ರಹ್ಮಚರ್ಯಕ್ಕೂ ಜಲವರ್ಣಕ್ಕೂ ಏನು ಸಂಬಂಧ? ವ್ರತ ಹಿಡಿದವರಿಗೆಲ್ಲ ಕುಂಚ ಒಲಿಯುವಂತಿದ್ದರೆ ನಮ್ಮ ಮಠಗಳ ಗೋಡೆಗಳು ಬೇರೆಯೇ ಆಗಿರುತ್ತಿದ್ದವು.

ಮೈಸೂರು ಅರಮನೆಯ ಚಿತ್ರಗಾರರ ಮನೆತನ, ಕಲ್ಕತ್ತೆ, ಅವನೀಂದ್ರನಾಥ ಠಾಕೂರರ ಶಿಷ್ಯತ್ವ ಎಲ್ಲ ಗೊತ್ತಿರುವುದೇ. ನನ್ನನ್ನು ಕಾಡುವುದು 1926ರ ಊಟಿ ಚಿತ್ರಗಳ ಮಂಜು. ಅವರ ಮನೆತನದ ಮೈಸೂರು ಸಂಪ್ರದಾಯದಲ್ಲಿ ಬೆಳಕನ್ನು ಮೇಲಿಂದ ಕೂರಿಸುತ್ತಾರೆ: ಸಫೇದವೆಂಬ ಬಿಳಿ ಪುಡಿ, ರೇವಲ್ಚಿನ್ನಿಯ ಹಳದಿ ಹಾಲು, ಗೋಂದು ಕಲಸಿ ಗೆರೆ ಉಬ್ಬಿಸಿ, ಮೇಲೆ ಚಿನ್ನದ ರೇಕು ಒತ್ತುತ್ತಾರೆ. ರೇಕು ಹರಿದರೆ ಇನ್ನೊಂದು ತುಣುಕು ಅಂಟಿಸಬಹುದು. ಪಾರದರ್ಶಕ ಜಲವರ್ಣದಲ್ಲಿ ಬೆಳಕು ಇರುವುದು ಅಡಿಯಲ್ಲಿ, ಕಾಗದದಲ್ಲಿ. ಮಂಜು ಬೇಕಾದಲ್ಲಿ ಕೈ ಬಿಗಿಹಿಡಿಯಬೇಕು. ಒಂದು ಪದರ ಒಣಗುವ ತನಕ ಕಾಯಬೇಕು. ಹಾಕಿದ್ದನ್ನು ಪೂರ್ತಿ ತೊಳೆಯಲೂ ಆಗದು. ಬೆಟ್ಟದ ಅಂಚು ಎಲ್ಲಿ ಕರಗಬೇಕೆಂದು ಮೊದಲೇ ಗೊತ್ತಿರಬೇಕು. ಖಾಲಿ ಬಿಟ್ಟ ಜಾಗವನ್ನು ನಂಬಿಕೊಂಡು ಪಕ್ಕದ್ದನ್ನು ಬರೆಯಬೇಕು. ಶ್ರದ್ಧೆ ಎಂಬ ಮಾತನ್ನು ಇಲ್ಲಿ ಬಳಸುವುದಾದರೆ ನನ್ನ ತಕರಾರಿಲ್ಲ.

ಎದುರು ಪಾಳೆಯದ ಆಧುನಿಕರು ಈ ಊಟಿ ಚಿತ್ರಗಳನ್ನು ಫೋಟೋ ಎಂದು ಮೂಗು ಮುರಿಯುತ್ತಾರೆ. ಫೋಟೋದಲ್ಲಿ ಮಂಜು ತಾನಾಗಿ ಬಂದು ಬೀಳುತ್ತದೆ. ಇಲ್ಲಿ ಕೈ ತಡೆದಷ್ಟೇ ಮಂಜು. ಭಕ್ತರೂ ಸರಿ, ಈ ಆಧುನಿಕರೂ ಸರಿ, ಚಿತ್ರದ ಮುಂದೆ ಹತ್ತು ನಿಮಿಷ ನಿಂತ ಲಕ್ಷಣ ಅವರ ಬರಹದಲ್ಲಿಲ್ಲ. ಒಬ್ಬರಿಗೆ ಜಪಮಾಲೆ ಕಾಣುತ್ತದೆ, ಇನ್ನೊಬ್ಬರಿಗೆ ಕ್ಯಾಮೆರಾ. ಕೆಲವು ಕಡೆ ಎಲೆಎಲೆಯನ್ನೂ ಬಿಡಿಸುವ ಹಟ ಚಿತ್ರವನ್ನು ಬಿಗಿಮಾಡಿದೆ, ಒಪ್ಪುತ್ತೇನೆ. ತಪ್ಪಿಗೆ ಅಂಜುವ ಕೈ ಅದು.

ಆ ಅಂಜಿಕೆ ದೇವರ ವಿಷಯಗಳಲ್ಲೇ ಹೆಚ್ಚು. ಪ್ಲಾಸ್ಟರಿನ ಉಬ್ಬುಶಿಲ್ಪ ಶಿವತಾಂಡವದಲ್ಲಿ ಭಂಗಿಗಳೆಲ್ಲ ಲೆಕ್ಕಕ್ಕೆ ಸರಿ. ಕುಣಿತ ನನಗೆ ಕಾಣುವುದಿಲ್ಲ. ದೇವರಿಲ್ಲದ ಊಟಿಯಲ್ಲಿ, ಮೋಡ ಹರಿಯುವ ಗುಡ್ಡದ ಓರೆಯಲ್ಲಿ, ಆ ಕೈ ತನಗೆ ತಿಳಿಯದ್ದಕ್ಕೂ ಜಾಗ ಬಿಟ್ಟಿದೆ. ವೆಂಕಟಪ್ಪ ದೊಡ್ಡವರಾಗುವುದು ಅಲ್ಲಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಗೆ ಹೋದವರು ಚಪ್ಪಲಿ ಬಿಡಬೇಕಾಗಿಲ್ಲ. ಕನ್ನಡಕ ಒರೆಸಿಕೊಂಡರೆ ಸಾಕು.