ಮೊದಲ ತುತ್ತಿನಲ್ಲೇ ಕಲ್ಲು: ದತ್ತಸಂಚಯದ ಆರಂಭಿಕ ದತ್ತಾಂಶ

ಜಾಲ ತಂತ್ರಾಂಶವೊಂದನ್ನು ರಚಿಸಿದಾಗ ಅದರ ದತ್ತಸಂಚಯದಲ್ಲಿರುವುದು ಖಾಲಿ ಕೋಷ್ಟಕಗಳು ಮಾತ್ರ. ಬಳಕೆದಾರರು ಬರುವ ಮೊದಲೇ ಜಿಲ್ಲೆ, ತಾಲ್ಲೂಕುಗಳಂಥ ಮೂಲ ಪಟ್ಟಿಗಳನ್ನು ಅದರಲ್ಲಿ ತುಂಬಬೇಕು. ಇದೇ ಆರಂಭಿಕ ದತ್ತಾಂಶ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಸಾಮಾನ್ಯವಾಗಿ ಹೆಸರುಗಳನ್ನು ಪ್ರೋಗ್ರಾಮಿನೊಳಗೇ ಬರೆದುಬಿಡುತ್ತಾರೆ. ಪರದೆಯ ಮೇಲೆ ಪಟ್ಟಿ ಕಂಡರೆ ಕೆಲಸ ಮುಗಿಯಿತು! ಕಲಿಕೆಯ ಮೊದಲ ದಿನಕ್ಕೆ ಇದು ಸುಲಭ, ನಿಜ. ಆದರೆ ಅಲ್ಲಿಗೇ ನಿಲ್ಲುವುದು ಸರಿಯಲ್ಲ.

ವಿಜಯಪುರವನ್ನೇ ನೋಡಿ. 2014ರ ನವೆಂಬರ್ 1ರವರೆಗೆ ಇದರ ಅಧಿಕೃತ ಹೆಸರು ಬಿಜಾಪುರ. ಹೆಸರನ್ನೇ ಕೀಲಿಯಾಗಿಸಿದ ಕೋಷ್ಟಕಕ್ಕೆ ಹೊಸ ಹೆಸರು ಸೇರಿದರೆ ಒಂದೇ ಜಿಲ್ಲೆ ಎರಡಾಗುತ್ತದೆ. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ! 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಂಕೇತ 557. ಹೆಸರು ಬದಲಾಯಿತೆಂದು ಇಂಥ ಸಂಕೇತ ಬದಲಾಗಬೇಕಿಲ್ಲ. ಆದ್ದರಿಂದ ಸಂಕೇತವೇ ಕೀಲಿಯಾಗಬೇಕು.

ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದ ತಿಕೋಟಾ, ಬಬಲೇಶ್ವರ ಈಗ ಪ್ರತ್ಯೇಕ ತಾಲ್ಲೂಕುಗಳು. ಹಳೆಯ ಪಟ್ಟಿಯನ್ನೇ ಉಳಿಸಿಕೊಂಡ ಅರ್ಜಿಯಲ್ಲಿ ತಿಕೋಟಾದ ವಿದ್ಯಾರ್ಥಿನಿಗೆ ತನ್ನ ತಾಲ್ಲೂಕು ಸಿಗುವುದಿಲ್ಲ. ಆಕೆ ‘ವಿಜಯಪುರ’ ಎಂದು ಆರಿಸಿದರೆ ಪ್ರಮಾಣಪತ್ರದೊಡನೆ ತಾಳೆಯಾಗದು. ವಿದ್ಯಾರ್ಥಿವೇತನವೇ ತಪ್ಪಬಹುದು. ತಪ್ಪು ಆಕೆಯದೇ?

ಇನ್ನೊಂದು ತೊಡಕು ಲಿಪಿಯದು. ತಿಕೋಟಾದ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು; ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಬಬಲೇಶ್ವರದ ‘ಲೇ’ಗೂ ಹೀಗೆಯೇ ಎರಡು ರೂಪಗಳಿವೆ. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನಷ್ಟೇ ಹೋಲಿಸುವ ಗಣಕಕ್ಕೆ ಅವು ಬೇರೆ ಬೇರೆ ಊರುಗಳು! ತುಂಬುವ ಮುನ್ನ ಎಲ್ಲ ಹೆಸರುಗಳನ್ನೂ ‘ಎನ್‌ಎಫ್‌ಸಿ’ ಎಂಬ ಏಕರೂಪಕ್ಕೆ ತರುವುದೇ ಇದಕ್ಕೆ ಪರಿಹಾರ.

ಹಾಗಾದರೆ ಸರಿಯಾದ ಕ್ರಮವೇನು? ದತ್ತಾಂಶವನ್ನು ಪ್ರತ್ಯೇಕ ಕಡತದಲ್ಲಿಡಬೇಕು. ತಾಲ್ಲೂಕು ಜಾರಿಗೆ ಬಂದ ದಿನಾಂಕವೂ ಅದರಲ್ಲಿರಲಿ. ಮೊದಲು ಜಿಲ್ಲೆ, ನಂತರ ತಾಲ್ಲೂಕು ತುಂಬಬೇಕು. ಸಂಕೇತ ಈಗಾಗಲೇ ಇದ್ದರೆ ತಿದ್ದಬೇಕು, ಇಲ್ಲದಿದ್ದರೆ ಸೇರಿಸಬೇಕು. ಮಧ್ಯೆ ದೋಷ ಕಂಡರೆ ಎಲ್ಲವೂ ಹಿಂದಿನ ಸ್ಥಿತಿಗೆ ಮರಳಬೇಕು. ಕೊನೆಗೆ, ಊರು ಬಲ್ಲವರೊಬ್ಬರು ಮುದ್ರಿತ ಪಟ್ಟಿಯನ್ನು ಓದಿ ನೋಡಬೇಕು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಗ್ರಾಮಲೆಕ್ಕಿಗರು ಮುದ್ರಿತ ಪ್ರತಿಗಳನ್ನು ಪರಿಶೀಲಿಸಿದ್ದರು.

ಅಧ್ಯಾಪಕರು ಒಂದು ಸರಳ ಪರೀಕ್ಷೆ ಮಾಡಬಹುದು. ವಿದ್ಯಾರ್ಥಿಯ ಪ್ರೋಗ್ರಾಮನ್ನು ಎರಡು ಬಾರಿ ಓಡಿಸಿ. ಎರಡನೆಯ ಬಾರಿ ಸಾಲುಗಳು ಇಮ್ಮಡಿಯಾದರೆ ಅಂಕ ಕೊಡುವ ಮುನ್ನ ಯೋಚಿಸಿ.